ಪಾಯಿಂಟ್ 22 ಬೋಲ್ಟ್ ಆ್ಯಕ್ಷನ್ ರೈಫಲಿನ ಗುಂಡು ಚದುರುತ್ತಿದ್ದರೆ
ಗುಂಪು (ಒಂದೇ ಗುರಿಗೆ ಹೊಡೆದ ಗುಂಡುಗಳ ತೂತುಗಳು) ಹರಡಿದ ಕೂಡಲೇ ಸೈಟ್ (ರೈಫಲಿನ ಮೇಲೆ ಗುರಿ ನೋಡುವ ಸಾಧನ) ತಿರುಗಿಸಬೇಡಿ. ಸೈಟ್ ಗುಂಪನ್ನು ಸರಿಸುತ್ತದೆ, ಬಿಗಿಗೊಳಿಸುವುದಿಲ್ಲ. 50 ಮೀಟರ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಬರೀ 10.4 ಮಿಲಿಮೀಟರ್.

ರೈಫಲ್ ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ಸ್ಟಾಕಿನ (ಬ್ಯಾರಲ್ ಕೂರುವ, ಭುಜಕ್ಕೆ ಒತ್ತುವ ಭಾಗ) ಸ್ಕ್ರೂಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿರುವಷ್ಟೇ ಬಿಗಿ ಮಾಡಿ. ಬೆಂಗಳೂರಿನ ಮಳೆಗಾಲದ ತೇವಕ್ಕೆ ಮರದ ಸ್ಟಾಕ್ ಉಬ್ಬುತ್ತದೆ. ಆ ತಿಂಗಳುಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ.

ಆಮೇಲೆ ತೋಟಾ. ಈ ರೈಫಲಿನ ರಿಮ್‌ಫೈರ್ (ಬುಡದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ) ತೋಟಾವನ್ನು ಕೈಯಲ್ಲಿ ಮರುತುಂಬುವ ರೂಢಿಯಿಲ್ಲ, ಹಾಗಾಗಿ ಲಾಟ್ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ತೋಟಾಗಳು) ಆರಿಸುವುದೇ ದಾರಿ. ರೈಫಲನ್ನು ರೆಸ್ಟ್ (ಅಲುಗದ ಆಧಾರ) ಮೇಲಿಟ್ಟು ಪ್ರತಿ ಲಾಟಿನಿಂದ ಹತ್ತು ಗುಂಡಿನ ನಾಲ್ಕು ಗುಂಪು ಹೊಡೆಯಿರಿ. ಐದು ಗುಂಡಿನ ಒಂದೇ ಗುಂಪನ್ನು ನಂಬಲೇಬೇಡಿ. ಬ್ರ್ಯಾಂಡ್ ಬದಲಿಸಿದರೆ ಮೊದಲ 20 ಗುಂಡು ಲೆಕ್ಕಕ್ಕಿಲ್ಲ, ಬ್ಯಾರಲಿನ ಒಳಗೆ ಹೊಸ ಗುಂಡುಗಳ ಮೇಲಿನ ಮೇಣ ಹತ್ತಬೇಕು. ಗುಂಪು ಮೇಲೆ-ಕೆಳಗೆ ಉದ್ದವಾದರೆ ಗುಂಡಿನ ವೇಗದ ಏರುಪೇರನ್ನು ಶಂಕಿಸಿ. ಅಡ್ಡಕ್ಕೆ ಹರಡಿದರೆ ಮೊದಲು ಗಾಳಿ ನೋಡಿ.