ಟಬ್ಬಿನ ಜೌಗಿನಲ್ಲಿ ಗ್ರಾಸ್ ಪಿಂಕ್

ಮಲೆನಾಡಿನಲ್ಲಿ, ಮರದ ಮೇಲೆ ಬೆಳೆಯೋ ಸೀತಾಳೆ ದಂಡೆ ಅನ್ನೋ ಆರ್ಕಿಡ್ ನೋಡುತ್ತಾ ಬೆಳೆದವನು ನಾನು. ಆರ್ಕಿಡ್ ಅಂದ್ರೆ ಮರದ ಮೇಲಿರೋದು ಅಂತಲೇ ತಲೆಯಲ್ಲಿತ್ತು. ನ್ಯೂಜೆರ್ಸಿಗೆ ಬಂದ ಮೇಲೆ ಒಂದು ಜೂನ್‌ನಲ್ಲಿ ಅಲ್ಲಿನ ಪೈನ್ ಬ್ಯಾರೆನ್ಸ್ ಅನ್ನೋ ಪೈನ್ ಕಾಡಿಗೆ ಹೋಗಿದ್ದೆ. ಟೀ ಡಿಕಾಕ್ಷನ್ ಬಣ್ಣದ ನೀರು ನಿಂತ ಜೌಗು, ಹುಲ್ಲಿನ ನಡುವೆ ಗುಲಾಬಿ ಬಣ್ಣದ ಹೂ. ಗ್ರಾಸ್ ಪಿಂಕ್, ಅಂದ್ರೆ ಕ್ಯಾಲೊಪೋಗಾನ್ ಟ್ಯುಬರೋಸಸ್, ನೆಲದಲ್ಲೇ ಬೆಳೆಯೋ ಆರ್ಕಿಡ್. ಹೂವಿಲ್ಲದಾಗ ಥೇಟ್ ಹುಲ್ಲು.

ಕಾಡಿನಿಂದ ಕಿತ್ತು ತರಬಾರದು, ತಂದರೂ ಬದುಕೋದು ಕಷ್ಟ. ನರ್ಸರಿಯಲ್ಲೇ ಬೆಳೆಸಿದ ಮೂರು ಗೆಡ್ಡೆ ತರಿಸಿದೆ. ಒಂದೊಂದೂ ಸಾಂಬಾರ್ ಈರುಳ್ಳಿಗಿಂತ ಚಿಕ್ಕದು.

ತಳದಲ್ಲಿ ತೂತಿಲ್ಲದ ಪ್ಲಾಸ್ಟಿಕ್ ಟಬ್ಬಿಗೆ, ಅಂಚಿನಿಂದ ನಾಲ್ಕು ಇಂಚು ಕೆಳಗೆ ಪಕ್ಕದಲ್ಲಿ ಮಾತ್ರ ತೂತು ಕೊರೆದೆ. ಜಾಸ್ತಿಯಾದ ಮಳೆ ನೀರು ಹೋಗಬೇಕು, ಬುಡ ಒದ್ದೆಯಾಗೇ ಇರಬೇಕು. ಎರಡು ಪಾಲು ಪೀಟ್ (ಜೌಗಿನಲ್ಲಿ ಪಾಚಿ ಅರೆಕೊಳೆತು ಆದ ಕಪ್ಪು ಮಣ್ಣು), ಒಂದು ಪಾಲು ತೊಳೆದ ಸಿಲಿಕಾ ಮರಳು. ಈ ಗಿಡಕ್ಕೆ ಬೇಕಾದ ಹುಳಿ ಮಣ್ಣು ಪೀಟ್‌ನಿಂದಲೇ ಸಿಗುತ್ತದೆ. ಆದರೆ ಒಣ ಪೀಟ್ ನೀರನ್ನೇ ಕುಡಿಯುವುದಿಲ್ಲ, ಸುರಿದದ್ದೆಲ್ಲ ಜಾರಿ ಹೋಗುತ್ತದೆ. ಚಪಾತಿ ಹಿಟ್ಟಿನ ಹಾಗೆ ನಾದಿ ನಾದಿ ನೆನೆಸಿದೆ. ಎರಡು ದಿನ ಉಗುರು ಕಪ್ಪಗಿತ್ತು.

ಮೊದಲ ಬೇಸಿಗೆ ಕೈಯಾರೆ ಕೆಡಿಸಿದೆ. ನಲ್ಲಿ ನೀರು ಹಾಕಿದ್ದಕ್ಕೆ ಎಲೆ ತುದಿ ಸುಟ್ಟ ಹಾಗಾಯಿತು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ "ಸ್ವಲ್ಪ ಗೊಬ್ಬರ ಹಾಕೋ" ಅಂದಳು. ಅಮ್ಮನ ಲೆಕ್ಕದಲ್ಲಿ ಗೊಬ್ಬರಕ್ಕೆ ವಾಸಿಯಾಗದ ಕಾಯಿಲೆ ಇಲ್ಲ. ಹಾಕಿದೆ. ಒಂದು ಗೆಡ್ಡೆ ಕೊಳೆತೇ ಹೋಯಿತು. ಸಾರವಿಲ್ಲದ ಮಣ್ಣಿನಲ್ಲೇ ಬದುಕಿ ಅಭ್ಯಾಸ ಅದಕ್ಕೆ. ಗೊಬ್ಬರವೂ ಆಗದು, ನಲ್ಲಿ ನೀರಿನ ಸುಣ್ಣವೂ ಆಗದು. ಆಮೇಲೆ ಡ್ರಮ್ಮಿನಲ್ಲಿ ಹಿಡಿದ ಮಳೆ ನೀರು, ಸಾಲದಿದ್ದಾಗ ಡಿಸ್ಟಿಲ್ಡ್ ನೀರು, ಅಷ್ಟೇ. ಎರಡನೇ ಗೆಡ್ಡೆಯನ್ನು ಅಳಿಲು ಕೆದಕಿ ತಿಂದಿತು. ಈಗ ಮೇಲೆ ತಂತಿ ಬಲೆ ಇದೆ.

ಚಳಿಗಾಲದಲ್ಲಿ ಒಳಗೆ ತರಲಿಲ್ಲ. ಆ ಚಳಿಯ ನಿದ್ದೆ ಅದಕ್ಕೆ ಬೇಕೇ ಬೇಕು. ಒಣಗಿದ ಪೈನ್ ಎಲೆ ಹೊದಿಸಿ ಬಿಟ್ಟೆ.

ಮೂರನೇ ವರ್ಷದ ಜೂನ್‌ನಲ್ಲಿ, ಉಳಿದಿದ್ದ ಒಂದೇ ಗೆಡ್ಡೆಯಿಂದ ಕಡ್ಡಿ ಎದ್ದು ನಾಲ್ಕು ಮೊಗ್ಗು ಬಂತು. ಸಾಮಾನ್ಯವಾಗಿ ಆರ್ಕಿಡ್ ಹೂವಿನ ತುಟಿ, ಅಂದ್ರೆ ಉಳಿದವಕ್ಕಿಂತ ಬೇರೆ ಥರ ಇರೋ ಒಂದು ದಳ, ಕೆಳಗಿರುತ್ತದೆ, ಇದರದ್ದು ಮೇಲೆ. ಅದರ ತುಂಬ ಹಳದಿ ಕೂದಲು, ಪರಾಗ ಇದೆಯೇನೋ ಅನ್ನೋ ಹಾಗೆ. ಮಕರಂದ ಒಂದು ತೊಟ್ಟೂ ಇಲ್ಲ, ಸುಮ್ನೆ ಆಸೆ ತೋರಿಸೋದು. ಒಂದು ಬೆಳಿಗ್ಗೆ ಕಾಫಿ ಹಿಡಿದು ಕೂತಿದ್ದಾಗ ದುಂಬಿಯೊಂದು ಬಂದು ಆ ಕೂದಲ ಮೇಲೆ ಇಳಿಯಿತು. ಅದರ ಭಾರಕ್ಕೆ ತುಟಿ ಬುಡದಲ್ಲಿ ಮಡಚಿತು. ದುಂಬಿ ಅಂಗಾತ ಕೆಳಗೆ ಬಿತ್ತು. ಬೆನ್ನಿಗೆ ಪರಾಗದ ಮುದ್ದೆ ಅಂಟಿಕೊಂಡಿತು. ಕಾಲು ಒದರಿ ಎದ್ದಿದ್ದೇ ಮೇಲಿನ ಹೂವಿಗೆ ಹೋಗಿ, ಮತ್ತೆ ಬಿತ್ತು.