ಗೋಡೌನಿನಿಂದ ಜಗಲಿಗೆ 20 ಮೀಟರ್

ಸೋಮವಾರಪೇಟೆ ಕಡೆ ನಮ್ಮ ತೋಟ. ಜೂನ್ ಬಂತೆಂದರೆ ಕಾಫಿ ಮೂಟೆಗಳದ್ದೇ ಚಿಂತೆ. ಕಣದಲ್ಲಿ ಎಷ್ಟೇ ಒಣಗಿಸಿರಲಿ, ಮಳೆಗಾಲದ ತೇವವನ್ನು ಬೀಜ ಎಳೆದುಕೊಳ್ಳುತ್ತದೆ. ಆಮೇಲೆ ಬೂಸ್ಟು. ಗೋಡೌನಿನ ತೇವ ಎಷ್ಟಿದೆ ಅಂತ ಜಗಲಿಯಲ್ಲೇ ಕಾಣಬೇಕು ಅನ್ನಿಸಿತು. ಗೋಡೌನಿನಲ್ಲಿ ವೈಫೈ ಸಿಗುವುದಿಲ್ಲ, ಹಾಗಾಗಿ ತಂತಿ ಎಳೆದೆ.

ತೇವ ಅಳೆಯಲು ಬಿಎಂಇ280 ಸೆನ್ಸರ್, ಅದನ್ನು ಓದಲು ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್, ನಡುವೆ ಐ2ಸಿ, ಅಂದರೆ ಒಂದು ಡೇಟಾ ತಂತಿ, ಒಂದು ಕ್ಲಾಕ್ ತಂತಿಯಲ್ಲಿ ಚಿಪ್ಪುಗಳು ಮಾತಾಡುವ ಕ್ರಮ. ಮೇಜಿನ ಮೇಲೆ ಗೇಣುದ್ದ ತಂತಿಯಲ್ಲಿ ಚೆನ್ನಾಗಿಯೇ ಓಡಿತು. 20 ಮೀಟರ್ ಲ್ಯಾನ್ ಕೇಬಲ್ ಹಾಕಿದ ಮೇಲೆ ಸೆನ್ಸರ್ ಒಮ್ಮೆ ಸಿಕ್ಕರೆ ಹತ್ತು ಸಲ ಸಿಗುತ್ತಿರಲಿಲ್ಲ. ಸೆನ್ಸರ್ರೇ ಹಾಳು ಅಂತ ಇನ್ನೊಂದು ತರಿಸಿದೆ. ಸುಮ್ನೆ ದಂಡ.

ತಪ್ಪು ನನ್ನದೇ. ಐ2ಸಿಯಲ್ಲಿ ಚಿಪ್ಪುಗಳು ತಂತಿಯ ವೋಲ್ಟೇಜನ್ನು ಕೆಳಕ್ಕೆ ಎಳೆಯುತ್ತವೆ ಅಷ್ಟೇ. ಮತ್ತೆ ಮೇಲಕ್ಕೆ ತರುವುದು ಪುಲ್‌ಅಪ್ ರೆಸಿಸ್ಟರ್. ಉದ್ದ ಕೇಬಲ್ ಅಂದರೆ ದೊಡ್ಡ ಡ್ರಮ್ಮು ಇದ್ದ ಹಾಗೆ, ರೆಸಿಸ್ಟರ್ ಅದನ್ನು ತುಂಬಿಸುವ ಸಣ್ಣ ಪೈಪು. ಲ್ಯಾನ್ ಕೇಬಲ್ಲಿನಲ್ಲಿ ಈ ಡ್ರಮ್ಮಿನ ಅಳತೆ ಮೀಟರಿಗೆ ಸುಮಾರು 50 ಪಿಕೋಫ್ಯಾರಡ್, ಅಂದರೆ ನನ್ನದು 1000 ಆಯಿತು. ಐ2ಸಿಗೆ ಮಿತಿ 400. ಫಿಲಿಪ್ಸ್‌ನವರು 1982ರಲ್ಲಿ ಇದನ್ನು ಮಾಡಿದ್ದೇ ಒಂದು ಡಬ್ಬಿಯೊಳಗಿನ ಚಿಪ್ಪುಗಳು ಮಾತಾಡಲಿ ಅಂತ. ನಾನು ಅಂಗಳ ದಾಟಿಸಲು ಹೊರಟಿದ್ದೆ!

ಪೈಪು ದೊಡ್ಡದಾಗಲಿ ಅಂತ 4.7 ಕಿಲೋಓಮ್ ರೆಸಿಸ್ಟರ್ ತೆಗೆದು 2.2 ಹಾಕಿದೆ, ತುಂಬಲು ಸಮಯ ಸಿಗಲಿ ಅಂತ ಕ್ಲಾಕಿನ ವೇಗವನ್ನು 100 ಕಿಲೋಹರ್ಟ್ಸ್‌ನಿಂದ 10ಕ್ಕೆ ಇಳಿಸಿದೆ. ಎರಡು ದಿನ ಓಡಿತು. ಬಾವಿ ಮೋಟಾರ್ ಹಾಕಿದ ಕೂಡಲೇ ಸೆನ್ಸರ್ ಡೇಟಾ ತಂತಿಯನ್ನು ಕೆಳಗೆ ಹಿಡಿದುಕೊಂಡು ಕೂತುಬಿಟ್ಟಿತು. ಕ್ಲಾಕಿನಲ್ಲಿ 9 ಪಲ್ಸ್ ಕೊಟ್ಟರೆ ಬಿಡುತ್ತದೆ, ನಿಜ. ಆದರೆ ದಿನಾ ಮೋಟಾರ್ ಹಾಕುವ ಮನೆಯಲ್ಲಿ ಅದೆಲ್ಲ ತೇಪೆ ಕೆಲಸ ಅಲ್ವಾ?

ಕೊನೆಗೆ ಉದ್ದ ತಂತಿಗೆಂದೇ ಇರುವ ಆರ್‌ಎಸ್-485 ಕ್ರಮಕ್ಕೆ ಬಂದೆ. ಗೋಡೌನಿನಲ್ಲೇ ನ್ಯಾನೋ ಅನ್ನುವ ಇನ್ನೊಂದು ಪುಟ್ಟ ಬೋರ್ಡ್ ಸೆನ್ಸರನ್ನು ಓದಿ, ಯುಎಆರ್‌ಟಿಯಲ್ಲಿ, ಅಂದರೆ ಬಿಟ್ಟುಗಳನ್ನು ಒಂದರ ಹಿಂದೊಂದು ಸಾಲಾಗಿ, ಕಳಿಸುತ್ತದೆ. ಹೆಣೆದ ಜೋಡಿ ತಂತಿಯಲ್ಲಿ ಮೋಟಾರಿನ ವಿದ್ಯುತ್ ಗದ್ದಲ ಎರಡಕ್ಕೂ ಒಂದೇ ಥರ ಬಡಿಯುತ್ತದೆ. ಎದುರಿನ ಚಿಪ್ಪು ಎರಡರ ವ್ಯತ್ಯಾಸವನ್ನಷ್ಟೇ ನೋಡುವುದರಿಂದ ಅದಕ್ಕೆ ತೊಂದರೆಯಿಲ್ಲ. ಸಿಗ್ನಲ್ ತುದಿಗೆ ಬಡಿದು ವಾಪಸು ಬರದಿರಲಿ ಅಂತ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿದೆ, ಗ್ರೌಂಡಿಗೆ ಬೇರೆ ತಂತಿ ಕೊಟ್ಟೆ. ಇಎಸ್‌ಪಿ32 ಕಡೆ ಈ ಜೋಡಿ ತಂತಿಯನ್ನು ನಡೆಸುವ ಚಿಪ್ಪು ಮ್ಯಾಕ್ಸ್3485. ಹಳೆಯ ಮ್ಯಾಕ್ಸ್485 5 ವೋಲ್ಟಿನದು, ನೇರ ಸೇರಿಸಿದರೆ ಕಡಿಮೆ ವೋಲ್ಟಿನ ಈ ಬೋರ್ಡಿನ ಪಿನ್ನು ಹೋಗಬಹುದು.

ಇಲ್ಲೂ ಒಂದು ಭಾನುವಾರ ಹಾಳಾಯಿತು. ಪ್ರತಿ ಉತ್ತರದ ಕೊನೆಯ ಬೈಟ್ ಕೆಟ್ಟೇ ಬರುತ್ತಿತ್ತು. ಕೋಡಿನಲ್ಲಿ ರೈಟ್ ಆದ ತಕ್ಷಣ, ಚಿಪ್ಪು ಕಳಿಸುವುದನ್ನು ಆನ್-ಆಫ್ ಮಾಡುವ ಡಿಇ ಪಿನ್ನನ್ನು ಇಳಿಸುತ್ತಿದ್ದೆ. ಆದರೆ ರೈಟ್ ಅಂದರೆ ಬಫರಿಗೆ, ಅಂದರೆ ಸರದಿ ಕಾಯುವ ಜಾಗಕ್ಕೆ, ಹಾಕುವುದು ಮಾತ್ರ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದೊಂದು ಬೈಟ್ ಹೊರಬೀಳಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಎಲ್ಲ ಹೊರಬೀಳುವ ತನಕ ಕಾಯುವ ಒಂದು ಫ್ಲಶ್ ಸಾಲನ್ನು ನಡುವೆ ಸೇರಿಸಿದೆ, ಸರಿಹೋಯಿತು.

ಈಗ ಮೋಟಾರ್ ಹಾಕಿದರೂ ಅಂಕಿ ಅಲುಗುವುದಿಲ್ಲ. ಕೇಬಲ್ಲಿನ ನಾಲ್ಕು ಜೋಡಿಯಲ್ಲಿ ಒಂದು ಡೇಟಾಕ್ಕೆ, ಒಂದು ಕರೆಂಟಿಗೆ ಹೋಗಿದೆ. ಅದೇ ಡೇಟಾ ಜೋಡಿಗೆ, ಬೇರೆ ಅಡ್ರೆಸ್ ಕೊಟ್ಟು, ಮಳೆ ಮಾಪಕವನ್ನೂ ಸೇರಿಸಬೇಕು. ಕಾಫಿ ಹೂ ಬಿಡಿಸುವ ಮುಂದಿನ ಹೂಮಳೆಗೆ ಮೊದಲು ಆಗಬೇಕಾದ ಕೆಲಸ ಅದು.