ಗೋಧಿ ಆಗದವರ ಮನೆಗೆ ಹಾಸನದಲ್ಲಿ ಏನೇನು ಸಿಗುತ್ತೆ

ವರ್ಗವಾಗಿಯೋ, ಕೆಲಸ ಸಿಕ್ಕಿಯೋ ಹಾಸನಕ್ಕೆ ಬಂದಿದ್ದೀರಿ. ಮನೆಯಲ್ಲಿ ಯಾರಿಗಾದರೂ ಸೀಲಿಯಾಕ್ ಇದ್ದರೆ, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಮೈಗೆ ಆಗದಿದ್ದರೆ, ಹೊಸ ಊರಲ್ಲಿ ಮೊದಲ ಚಿಂತೆ ಊಟದ್ದೇ. ನಮ್ಮ ಮನೆಯಲ್ಲೂ ಹಾಗೇ ಇತ್ತು, ಅದಕ್ಕೇ ಸಂಘದವರು ಇದನ್ನು ನನಗೇ ಬರೆಯಲು ಹೇಳಿದರು.

ನನ್ನ ಮಗಳಿಗೆ ಏಳು ವರ್ಷವಿದ್ದಾಗ ಇದು ಗೊತ್ತಾಯಿತು. ಮೊದಲ ಕೆಲವು ತಿಂಗಳು ನಾವು ಚಪಾತಿಗೆ, ಬ್ರೆಡ್ಡಿಗೆ ಬದಲಿ ಹುಡುಕುತ್ತಾ ದುಡ್ಡು ಕಳೆದೆವು. ಆನ್‌ಲೈನ್‌ನಲ್ಲಿ ತರಿಸಿದ ಬ್ರೆಡ್ಡು ಮುಟ್ಟಿದರೆ ಪುಡಿಪುಡಿ. ಮಗು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಒಂದು ದಿನ ಪಕ್ಕದ ಮನೆಯ ಅಜ್ಜಿ ಬಾಳೆ ಎಲೆ ಮೇಲೆ ತಟ್ಟಿ ಬೇಯಿಸಿದ ಬಿಸಿ ಅಕ್ಕಿ ರೊಟ್ಟಿ ಕೊಟ್ಟರು, ಜೊತೆಗೆ ಹುಚ್ಚೆಳ್ಳು ಚಟ್ನಿಪುಡಿ, ಮೇಲೊಂದು ಚಮಚ ತುಪ್ಪ. ಮಗಳು ಮೂರು ರೊಟ್ಟಿ ತಿಂದಳು. ನಮಗೆ ಬೇಕಾದದ್ದು ಈ ಊರಿನ ಅಡುಗೆಮನೆಯಲ್ಲೇ ಇತ್ತು!

ಹಾಸನ ರಾಗಿ, ಅಕ್ಕಿ ತಿನ್ನುವ ಊರು. ಮುದ್ದೆ, ಕಡುಬು, ನೀರುದೋಸೆ, ಒತ್ತು ಶಾವಿಗೆ, ಅಕ್ಕಿ ತರಿ ಉಪ್ಪಿಟ್ಟು, ಅವಲಕ್ಕಿ, ಸಬ್ಬಕ್ಕಿ, ಇವಕ್ಕೆಲ್ಲ ಗೋಧಿ ಬೇಕೇ ಇಲ್ಲ. ಸಂತೆಪೇಟೆ ಕಡೆಯ ದಿನಸಿ ಅಂಗಡಿಗಳಲ್ಲಿ ರಾಗಿ, ನವಣೆ, ಸಾಮೆ ಕೇಳಿ. ಹೊಳೆನರಸೀಪುರದ ಕಡೆಯ ರಾಜಮುಡಿ ಅಕ್ಕಿ ಸಿಕ್ಕರೆ ಬಿಡಬೇಡಿ, ಕೆಂಪು ಬಣ್ಣದ್ದು, ಅನ್ನಕ್ಕೆ ತುಂಬಾ ರುಚಿ. ಉತ್ತರ ಕರ್ನಾಟಕದಿಂದ ಬಂದವರಿಗೆ ಜೋಳದ ರೊಟ್ಟಿ ಹೇಗೂ ಕೈಗೆ ಬಂದಿರುತ್ತೆ, ಅದನ್ನೇ ಮುಂದುವರಿಸಿ.

ಆದರೆ ಹಿಟ್ಟು ತರಬೇಡಿ, ಕಾಳು ತನ್ನಿ. ಯಾಕೆ ಅಂತ ಹೇಳ್ತೀನಿ. ಬರೀ ಮುದ್ದೆ, ರೊಟ್ಟಿ ತಿನ್ನುತ್ತಿದ್ದರೂ ಮಗಳಿಗೆ ಮತ್ತೆ ಹೊಟ್ಟೆನೋವು ಶುರುವಾಯಿತು. ಕಾರಣ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ಹಿಟ್ಟು ಬೀಳುವ ಬಾಯಿಗೆ ಬಟ್ಟೆಯ ತೋಳು ಕಟ್ಟಿರುತ್ತಾರಲ್ವಾ, ಸುಮ್ನೆ ಅದನ್ನೊಮ್ಮೆ ತಟ್ಟಿದೆ. ನಮ್ಮ ಕಂದು ರಾಗಿ ಹಿಟ್ಟಿನ ಮೇಲೆ ಬೆಳ್ಳಗೆ ಗೋಧಿ ಹಿಟ್ಟು ಉದುರಿತು. ನಮಗಿಂತ ಮುಂಚೆ ಅದೇ ಯಂತ್ರದಲ್ಲಿ ಯಾರೋ ಗೋಧಿ ಬೀಸಿಸಿಕೊಂಡು ಹೋಗಿದ್ದರು. ಹಾಗಾಗಿ ಅಕ್ಕಿ, ರಾಗಿಗೆ ಬೇರೆ ಯಂತ್ರವೇ ಇರುವ ಗಿರಣಿ ಹುಡುಕಿ, ಸಿಗದಿದ್ದರೆ ಮನೆಬಳಕೆಯ ಸಣ್ಣ ಯಂತ್ರ ಕೊಳ್ಳಿ. ನಾವು ಕೊನೆಗೆ ಅದನ್ನೇ ಮಾಡಿದೆವು. ಬೀಸುವ ಮುಂಚೆ ಕಾಳನ್ನು ಮೊರಕ್ಕೆ ಹಾಕಿ ಆರಿಸಿ, ನಡುವೆ ಗೋಧಿ ಕಾಳು ಸೇರಿರುತ್ತೆ.

ಇನ್ನೊಂದು ಕಳ್ಳ ಇಂಗು. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಮೈದಾನೋ ಗೋಧಿ ಹಿಟ್ಟೋ ಬೆರೆಸಿರುತ್ತಾರೆ. ಅದೇ ಇಂಗು ಸಾರಿನಪುಡಿಗೆ, ಪುಳಿಯೋಗರೆ ಗೊಜ್ಜಿಗೆ, ಉಪ್ಪಿನಕಾಯಿಗೆ, ಚಕ್ಕುಲಿಗೆ ಹೋಗುತ್ತೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಬರುತ್ತೆ. ಇಲ್ಲದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಸಾಕು.

ಪೊಟ್ಟಣದ ಮೇಲೆ ಗ್ಲುಟನ್ ಫ್ರೀ ಎಂದು ಬರೆಯಬೇಕಾದರೆ ಒಂದು ಕೆಜಿಯಲ್ಲಿ ಗ್ಲುಟನ್ 20 ಮಿಲಿಗ್ರಾಂ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿದೆ. ಆ ಮಾತು ಇಲ್ಲದ ಪೊಟ್ಟಣದಲ್ಲಿ ಅಲರ್ಜಿಯ ಸಾಲು ಹುಡುಕಿ. ಗೋಧಿ, ಬಾರ್ಲಿ, ರೈ, ಓಟ್ಸ್ ಎಂದಿದ್ದರೆ ವಾಪಸ್ ಇಡಿ. ರವೆ, ಚಿರೋಟಿ ರವೆ ಗೋಧಿಯೇ, ಅಂಗಡಿ ಶಾವಿಗೆಯೂ ಹೆಚ್ಚಾಗಿ ಗೋಧಿಯದ್ದೇ. ಬೇಕರಿಯ ರಾಗಿ ಬಿಸ್ಕತ್ತಿನಲ್ಲೂ ಸಾಮಾನ್ಯವಾಗಿ ಮೈದಾ ಇರುತ್ತೆ, ಬಣ್ಣ ನೋಡಿ ನಂಬಬೇಡಿ.

ಕುಡಿಯೋಕೆ ಇಲ್ಲಿ ಕೊರತೆಯಿಲ್ಲ. ಅರಸೀಕೆರೆ ಕಡೆಯ ಎಳನೀರು, ಮನೆಯ ಮಜ್ಜಿಗೆ, ರಾಗಿ ಅಂಬಲಿ, ಬೆಲ್ಲದ ಪಾನಕ. ಕಾಫಿಪುಡಿಯಲ್ಲಿ ಚಿಕೋರಿ ಇದ್ದರೆ ಹೆದರಬೇಡಿ, ಅದು ಒಂದು ಗಿಡದ ಬೇರು ಅಷ್ಟೇ. ಹಾರ್ಲಿಕ್ಸ್, ಬೂಸ್ಟ್ ಥರದವು ಬೇಡ, ಮಾಲ್ಟ್ ಅಂದರೆ ಹೆಚ್ಚಾಗಿ ಬಾರ್ಲಿ. ಬಿಯರ್ ಕೂಡ ಬಾರ್ಲಿಯದ್ದೇ. ರಾಗಿ ಮಾಲ್ಟ್ ಮನೆಯಲ್ಲೇ ಮಾಡಿಕೊಳ್ಳಿ: ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಘಮ್ಮೆನ್ನುವಂತೆ ಹುರಿದು ಬೀಸಿದರೆ ಆಯಿತು. ಸಂಜೆ ಶಾಲೆಯಿಂದ ಬಂದ ಮಕ್ಕಳಿಗೆ ರಾಗಿ ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ, ಸ್ವಲ್ಪ ಹಾಲು ಹಾಕಿ ಕಲಸಿ ಕೊಡಿ. ನಮ್ಮ ಮನೆಯಲ್ಲಿ ಬಟ್ಟಲು ನೆಕ್ಕುವುದು ಇದಕ್ಕೆ ಮಾತ್ರ.

ಹೋಟೆಲಲ್ಲಿ ಇಡ್ಲಿ ಸರಿ, ರವೆ ಇಡ್ಲಿ ಬೇಡ. ದೋಸೆ ಹಿಟ್ಟಿಗೆ ಮೈದಾ ಹಾಕ್ತೀರಾ, ಕಾವಲಿಯಲ್ಲಿ ಚಪಾತಿ, ಪರೋಟನೂ ಬೇಯಿಸ್ತೀರಾ ಅಂತ ಭಟ್ಟರನ್ನೇ ಕೇಳಿ. ಸಾಂಬಾರಿನ ಇಂಗಿನ ಭಯವಿದ್ದರೆ ಕಾಯಿಚಟ್ನಿಯನ್ನು ಒಗ್ಗರಣೆ ಇಲ್ಲದೆ ಕೊಡಿ ಅನ್ನಿ. ಸಂಜೆ ಗಾಡಿಯ ಗೋಬಿಮಂಚೂರಿ ಪೂರ್ತಿ ಬಿಡಿ, ಮೈದಾ ಒಂದು ಕಡೆ, ಸೋಯಾಸಾಸ್‌ನಲ್ಲೂ ಗೋಧಿ. ಬಜ್ಜಿಯದ್ದು ಕಡಲೆಹಿಟ್ಟೇ ಆದರೂ ಅದೇ ಎಣ್ಣೆಯಲ್ಲಿ ಮೈದಾದ ಬೋಂಡ ಬೆಂದಿರುತ್ತೆ.

ಒಂದು ಮುಖ್ಯ ಮಾತು. ಬರೀ ಅನುಮಾನ ಇದ್ದರೆ ನೀವೇ ಗೋಧಿ ನಿಲ್ಲಿಸಬೇಡಿ. ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ ಆಗಬೇಕು, ನಿಲ್ಲಿಸಿದ ಮೇಲೆ ಮಾಡಿಸಿದರೆ ಫಲಿತಾಂಶ ತಪ್ಪಾಗಬಹುದು.

ಇಲ್ಲಿನ ನೆರೆಹೊರೆಯವರು ಕರೆಯದೆ ಬಿಡುವುದಿಲ್ಲ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ರವೆಯದ್ದು, ಹೋಳಿಗೆಯ ಕಣಕ ಮೈದಾದ್ದು. ಒಂದು ಚೂರು ಪ್ರಸಾದ ಏನೂ ಆಗಲ್ಲ ಅಂತ ಪ್ರೀತಿಯಿಂದ ಒತ್ತಾಯ ಮಾಡ್ತಾರೆ. ಆದರೆ ಚೂರೂ ಆಗುತ್ತೆ. ಸಂಕೋಚ ಬಿಟ್ಟು, "ಅಮ್ಮಾ, ಮಗುಗೆ ಗೋಧಿ ಆಗಲ್ಲ, ಬಾಳೆಹಣ್ಣು ಕೊಡಿ" ಅನ್ನಿ. ಹಾಸನಾಂಬೆ ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತೆ, ಚೀಲದಲ್ಲಿ ಕಡಲೆಪುರಿ, ಕಡಲೆಮಿಠಾಯಿ ಇಟ್ಟುಕೊಂಡಿರಿ. ಸಂಘದ ಊಟಕ್ಕೆ ಬರುವ ಮುಂಚೆ ಒಂದು ಮಾತು ತಿಳಿಸಿ, ಅಡುಗೆಯವರಿಗೆ ನಾನೇ ಹೇಳಿ ಬೇರೆ ಪಾತ್ರೆಯಲ್ಲಿ ಮಾಡಿಸಿಡುತ್ತೇನೆ.